ಓಕ್ ಮೂಲೆಯ ವಾಷರುಗಳು

ಇದೂ ವಾಷರೇ.

ತಿರ್ಜಾ ಲಬಕ್ ಮಂಡಿಯೂರಿದಲ್ಲೇ ಮಣ್ಣು ಒರೆಸಿ ನೋಡಿದಳು. ಹಿತ್ತಾಳೆಯದು, ಕೋಟಿನ ಗುಂಡಿಯಷ್ಟು ಅಗಲ, ನಡುವೆ ತೂತು. ಬೆಳಗಿನಿಂದ ಅಗೆದದ್ದರಲ್ಲಿ ಮುಕ್ಕಾಲು ಪಾಲು ಇವೇ, ಎಲ್ಲವೂ ಒಂದೇ ತಾಯಿ ಮಕ್ಕಳ ಹಾಗೆ. ಗೇಟಿನಿಂದ ಇಲ್ಲಿಯವರೆಗೆ ಹುಡುಕುತ್ತಾ ಬಂದ ದಾರಿಯಲ್ಲಿ ಇಂಥದ್ದು ಒಂದೂ ಸಿಕ್ಕಿರಲಿಲ್ಲ. ಈ ಓಕ್ ಮರದ ಮೂಲೆಯಲ್ಲಿ ಮಾತ್ರ ಯಾರೋ ಕಾಳು ಎರಚಿದಂತೆ ಬಿದ್ದಿದ್ದವು.

ಟ್ರ್ಯಾಕ್ಟರಿನಿಂದ ಉದುರಿದ್ದು ಅನ್ನೋಣವೇ? ಹಾಗೆ ಉದುರುವಂಥದ್ದು ಹೊಲದ ಉದ್ದಕ್ಕೂ ಉದುರಬೇಕಲ್ಲ!

ಅವಳು ವಾಷರನ್ನು ಸೊಂಟದ ಕಸದ ಚೀಲಕ್ಕೆ ಹಾಕಿ, ಗುಂಡಿ ಮುಚ್ಚಿ, ಬೂಟಿನಿಂದ ತುಳಿದು ಸಮ ಮಾಡಿದಳು. ಅಗೆದದ್ದನ್ನು ಮುಚ್ಚಬೇಕು, ಸಿಕ್ಕ ಕಸವನ್ನು ಮನೆಗೆ ಒಯ್ಯಬೇಕು. ಈ ಹವ್ಯಾಸದ ಮೊದಲ ಪಾಠ ಅದು. ವಸಂತದಲ್ಲಿ ಅವಳಿಗೆ ಮಣ್ಣಿನಡಿಯ ಲೋಹ ಹುಡುಕುವ ಡಿಟೆಕ್ಟರ್ ಹಿಡಿಯುವುದನ್ನು ಕಲಿಸುವಾಗ ಹೊರೇಸ್ ಪಾಮೆಂಟ್ ಹೇಳಿಕೊಟ್ಟದ್ದು.

ಅರವತ್ತು ದಾಟಿದ ಹೆಂಗಸಿಗೆ ಈಗ ಯಾಕೆ ಈ ಹುಚ್ಚು ಅಂತ ಊರು ನಕ್ಕಿತ್ತು. ನಗಲಿ. ಬೇರೆಯವರು ರೋಮನ್ ನಾಣ್ಯ ಹುಡುಕುತ್ತಾರೆ, ತಿರ್ಜಾ ಗಂಡನನ್ನು ಹುಡುಕುತ್ತಿದ್ದಳು.

ಎಷ್ಟೋ ವರ್ಷಗಳ ಹಿಂದೆ, ಕ್ಲೆಮ್ ಲಬಕ್ ಒಂದು ಅಕ್ಟೋಬರ್ ಮಧ್ಯಾಹ್ನ ಡಿಟೆಕ್ಟರನ್ನು ಬೆನ್ನಿಗೆ ಕಟ್ಟಿಕೊಂಡು, ಸೈಕಲ್ ಹತ್ತಿ, “ಕತ್ತಲಾಗೋದ್ರೊಳಗೆ ಬಂದ್ಬಿಡ್ತೀನಿ, ಸೂಪು ಬಿಸಿ ಇರಲಿ” ಅಂದು ಹೋದವನು ಬರಲೇ ಇಲ್ಲ. ಸೈಕಲ್ ರೈಲು ನಿಲ್ದಾಣದಲ್ಲಿ ಸಿಕ್ಕಿತು. ಅವನ ಜೀವದ ಗೆಳೆಯ ಹೊರೇಸ್, ಕ್ಲೆಮ್ ಲಂಡನ್ ರೈಲು ಹತ್ತಿದ್ದನ್ನು ಕಣ್ಣಾರೆ ಕಂಡೆ ಅಂತ ಪೊಲೀಸರಿಗೆ ಹೇಳಿದ. ಪ್ಲಾಟ್‌ಫಾರ್ಮಿನಲ್ಲಿ ನಿಂತು ಬೆರಳಿನ ಮದುವೆ ಉಂಗುರ ತಿರುಗಿಸುತ್ತಾ ಇದ್ದನಂತೆ, ಮುಖ ಸಪ್ಪಗಿತ್ತಂತೆ. ಪೊಲೀಸರು ಅಲ್ಲಿಗೆ ಕೈ ತೊಳೆದುಕೊಂಡರು. ದೊಡ್ಡ ನಿಧಿ ಸಿಕ್ಕಿರಬೇಕು, ಹೆಂಡತಿಯನ್ನು ಬಿಟ್ಟು ಓಡಿದ ಅಂತ ಊರು ತೀರ್ಪು ಕೊಟ್ಟಿತು. ಊರ ಬಾಯಿಗೆ ಬೀಗ ಹಾಕುವವರು ಯಾರು?

ಕಟ್ಟಿಕೊಂಡವಳು ಗಂಡ ಸತ್ತಿರಲಿ ಅಂತ ಬೇಡಿಕೊಳ್ಳುತ್ತಾಳೆಯೇ? ತಿರ್ಜಾ ಬೇಡಿಕೊಳ್ಳುತ್ತಿದ್ದಳು. ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು, ಬಾಯಿ ಬಿಡದೆ, ಪ್ರತಿ ಭಾನುವಾರ. ಸತ್ತಿದ್ದರೆ ಅವನು ತನ್ನವನಾಗಿಯೇ ಸತ್ತ. ಬಿಟ್ಟು ಹೋಗಿದ್ದರೆ, ಸೂಪು ಬಿಸಿ ಇರಲಿ ಅಂದ ಮಾತೂ ಸುಳ್ಳು, ಅದಕ್ಕಿಂತ ಹಿಂದೆ ಆಡಿದ ಮಾತೆಲ್ಲವೂ ಸುಳ್ಳು.

“ಆ ಉಂಗುರ ತೆಗೆದಿಡೇ ಅಂತ ಎಷ್ಟು ಸಲ ಬಡ್ಕೋಬೇಕು ನಿಂಗೆ?”

ಬೆನ್ನ ಹಿಂದಿನ ದನಿಗೆ ಅವಳು ಥಟ್ಟನೆ ತಿರುಗಿದಳು. ಹೊರೇಸ್! ಇವತ್ತು ಈ ಹೊಲಕ್ಕೆ ಬರುತ್ತೇನೆಂದು ಅವಳು ಅವನಿಗೆ ಹೇಳಿಯೇ ಇರಲಿಲ್ಲ. ಗೋಧಿ ಕೂಳೆಯನ್ನು ಮಚಮಚ ತುಳಿಯುತ್ತಾ, ಸನಿಕೆಯನ್ನು ಕೋಲಿನಂತೆ ಊರಿಕೊಂಡು ಬರುತ್ತಿದ್ದ. ಬೋಳುತಲೆಯ ಮೇಲೆ ಅದೇ ಹಳೇ ಉಣ್ಣೆ ಟೊಪ್ಪಿ.

“ನಿನ್ನ ಕೈ ಹತ್ರ ಬಂದಾಗೆಲ್ಲ ಯಂತ್ರ ಕಿರುಚುತ್ತೆ. ಗೇಟಿನ ತನಕ ಕೇಳ್ತು ಕಣಮ್ಮ. ಹೊಲಕ್ಕೆ ಬರೋರೆಲ್ಲ ಉಂಗುರ ತೆಗೆದೇ ಬರ್ತಾರೆ.”

“ಕಿರುಚಿದ್ರೆ ಕಿರುಚಲಿ. ಇದನ್ನ ತೆಗೆಯೋರು ನನ್ನ ಹೆಣ ತೊಳೆಯೋರು.” ತಿರ್ಜಾ ಎದ್ದು ನಿಂತಳು. “ನಾನಿಲ್ಲಿದ್ದೀನಿ ಅಂತ ನಿಂಗ್ಯಾರು ಹೇಳಿದ್ದು?”

“ಹಳ್ಳಿ ಇದು. ನೀನು ಮನೇಲಿ ಸೀನಿದ್ರೆ ಪಬ್ಬಲ್ಲಿ ಕೂತೋರು ‘ದೇವರು ಕಾಪಾಡ್ಲಿ’ ಅಂತಾರೆ.” ಹೊರೇಸ್ ನಕ್ಕ. ನಗು ಕಣ್ಣಿನವರೆಗೆ ಏರಲಿಲ್ಲ. “ಮುದುಕ ಗ್ಯಾದರ್ಕೋಲ್ ಮಣ್ಣಿಗೆ ಹೋಗಿದ್ದೇ ತಡ, ಅವನ ಹೊಲಕ್ಕೆ ನುಗ್ಗಿಬಿಟ್ಟೆಯಲ್ಲ!”

“ನುಗ್ಗಿಲ್ಲ. ಅವನ ಮಗಳನ್ನ ಕೇಳ್ದೆ. ಆಯ್ತು ಅಂದ್ಲು.”

ಅದು ನಿಜ. ಕ್ಲೆಮ್ ಕಾಣೆಯಾದಾಗಿನಿಂದ ಆ ಮುದುಕ ಡಿಟೆಕ್ಟರ್ ಹಿಡಿದ ಒಬ್ಬರನ್ನೂ ತನ್ನ ಗೇಟಿನೊಳಗೆ ಬಿಟ್ಟಿರಲಿಲ್ಲ. ಅವನನ್ನು ಹೂಳಿದ ಮಾರನೇ ದಿನ ತಿರ್ಜಾ ಹಿಂಜರಿಯುತ್ತಲೇ ಮನೆಯ ಹಿಂಬಾಗಿಲು ತಟ್ಟಿದಳು. ಮಗಳು ಆನರ್, ಸಾವಿನ ಮನೆಯ ಟೀ ಕಪ್ಪುಗಳನ್ನು ತೊಳೆಯುತ್ತಿದ್ದಳು. ನಲವತ್ತು ದಾಟಿದ ಗಟ್ಟಿ ಹೆಂಗಸು, ಬಿಸಿಲಿಗೆ ಕಂದಿದ ಕೈಗಳು. ಸೋಪುನೀರಿನಿಂದ ಕೈ ಎತ್ತಿದಾಗ ಹೆಬ್ಬೆರಳಿನ ಸುತ್ತ ಒಂದು ಬಿಳಿ ಗೆರೆ. ಪಾತ್ರೆ ತೊಳೆಯಲು ಏನನ್ನೋ ಕಳಚಿಟ್ಟಿರಬೇಕು ಅಂದುಕೊಂಡಿದ್ದಳು ತಿರ್ಜಾ. “ಓಕ್ ಮರದ ಮೂಲೆಯಿಂದ ಶುರು ಮಾಡಿ, ಮಿಸೆಸ್ ಲಬಕ್,” ಅಂದಿದ್ದಳು ಆನರ್, ಮುಖ ತಿರುಗಿಸಿಕೊಂಡು.

“ಆಯ್ತು, ನಡಿ,” ಹೊರೇಸ್ ಅವಳ ಮೊಣಕೈ ಹಿಡಿದ. “ಈ ಮೂಲೇಲಿ ಬರೀ ಕಸ. ಹಳ್ಳದ ಕಡೆ ಹೋಗೋಣ. ಅಲ್ಲಿ ಹಳೇ ಕಾಲುದಾರಿ ಇತ್ತು, ಜನ ಓಡಾಡಿದ ಕಡೆ ನಾಣ್ಯ ಇರುತ್ತೆ.”

ತಿರ್ಜಾ ಕದಲಲಿಲ್ಲ.

“ಹೊರೇಸ್, ಈ ಹೊಲಕ್ಕೆ ನೀನು ಕಾಲೇ ಇಟ್ಟಿಲ್ಲ ಅಂದಿದ್ದೆ ಅಲ್ವಾ? ಮುದುಕ ನಿಮ್ಮಿಬ್ಬರನ್ನೂ ಒಳಗೆ ಬಿಟ್ಟೇ ಇಲ್ಲ ಅಂತ.”

“ಹೂಂ. ಬಿಟ್ಟಿಲ್ಲ.”

“ಮತ್ತೆ ಈ ಮೂಲೇಲಿ ಬರೀ ಕಸ ಅಂತ ಹೇಗೆ ಗೊತ್ತು?”

ಹೊರೇಸ್ ಟೊಪ್ಪಿ ಸರಿ ಮಾಡಿಕೊಂಡ. “ನಿನ್ನ ಚೀಲ ನೋಡಿದ್ರೆ ಗೊತ್ತಾಗಲ್ವಾ? ಸೊಂಟ ಜಗ್ತಾ ಇದೆ.”

ಉತ್ತರ ಸರಿಯಾಗಿಯೇ ಇತ್ತು. ಅದನ್ನು ಹೇಳಲು ಹಿಡಿದ ಹೊತ್ತು ಮಾತ್ರ ಸರಿಯಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಅವನ ಕಣ್ಣು ಬೇಡವೆಂದರೂ ಓಕ್ ಮರದ ಬುಡಕ್ಕೆ ಹೋಗಿ ಬಂತು.

ತಿರ್ಜಾ ಯಂತ್ರ ಎತ್ತಿಕೊಂಡು ಆ ಬುಡದ ಕಡೆಗೇ ನಡೆದಳು. ಅದರ ತುದಿಯ ತಟ್ಟೆಯನ್ನು ಕೂಳೆಯ ಮೇಲೆ ತಗ್ಗಾಗಿ, ನಿಧಾನವಾಗಿ ಬೀಸಿದಳು. ಕುಂಯ್ ಅಂತ ಮೊಂಡು ದನಿ ಬಂತು.

“ತಗಡು. ಬಿಡು,” ಅಂದ ಹೊರೇಸ್.

“ನೀನು ಹಳಬ, ಬಿಡ್ತೀಯ. ನಾನು ಹೊಸಬಳು, ಎಲ್ಲಾನೂ ಅಗೀತೀನಿ.”

ಅದು ಈ ಆಟದ ಹಳೇ ಜಗಳ. ತಗಡಿನ ಚೂರಿಗೂ, ಬಿಯರ್ ಡಬ್ಬಿಯ ಕಿವಿಗೂ, ತೆಳು ಚಿನ್ನಕ್ಕೂ ಯಂತ್ರ ಒಂದೇ ದನಿ ಮಾಡುತ್ತದೆ. ವರ್ಷಗಟ್ಟಲೆ ಕಸ ಅಗೆದು ಬೆನ್ನು ಬಿದ್ದುಹೋದ ಹಳಬರು ಆ ದನಿ ಕೇಳಿದರೆ ಮುಂದಕ್ಕೆ ಹೋಗಿಬಿಡುತ್ತಾರೆ. ಹೊಸಬರು ಮಾತ್ರ ಪ್ರತಿ ಕುಂಯ್‌ಗೂ ಮಂಡಿಯೂರುತ್ತಾರೆ.

ಈ ಸಲ ಆಳವಿರಲಿಲ್ಲ. ಒಂದು ಹೆಂಟೆ ಎತ್ತಿ ಒಡೆದಳು, ಅಷ್ಟೇ. ಅಂಗೈಯಲ್ಲಿ ಹಳದಿ ಮಿಂಚಿತು.

ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ, ಕಿಲುಬು ಕಟ್ಟುವುದಿಲ್ಲ. ಬೆರಳಿನಿಂದ ಒರೆಸಿ, ಕನ್ನಡಕ ಮೇಲೆತ್ತಿ, ಉಂಗುರದ ಒಳಗಿನ ಅಕ್ಷರ ಓದಿದಳು. ಓದುವ ಅಗತ್ಯವೇ ಇರಲಿಲ್ಲ. ಕೊರೆದದ್ದು ಅವಳ ಹೆಸರೇ.

“ಅಯ್ಯೋ ನನ್ನಪ್ಪಾ,” ಅಂದಳು ತಿರ್ಜಾ. ಕೂತಲ್ಲೇ ಮುಂದಕ್ಕೆ ಬಾಗಿ, ಹಣೆಯನ್ನು ಕೂಳೆಗೆ ಹಚ್ಚಿದಳು. “ಇಲ್ಲೇ ಇದ್ಯಾ? ಇಷ್ಟು ವರ್ಷ ಇಲ್ಲೇ ಇದ್ಯಾ? ನಾನು ನಿನ್ನನ್ನ ಏನೇನೋ ಅಂದ್ಕೊಂಡ್ನಲ್ಲೋ.”

ಅತ್ತಳು. ಕ್ಲೆಮ್ ಹೋದಾಗ ನಾಚಿಕೆಯಿಂದ ಅಳಲಾಗಿರಲಿಲ್ಲ. ಗಂಡ ಬಿಟ್ಟವಳು ಅಂಗಡಿಯ ಸಾಲಿನಲ್ಲಿ ಕಣ್ಣೊರೆಸಿಕೊಂಡರೆ ಜನ ಬಿಸ್ಕತ್ತಿನ ಡಬ್ಬಿ ನೋಡುವವರಂತೆ ಮುಖ ತಿರುಗಿಸುತ್ತಾರೆ. ಈಗ ವಿಧವೆಯ ಹಾಗೆ, ಬಾಯಿಬಿಟ್ಟು ಅತ್ತಳು. ಆ ಅಳುವಿನಲ್ಲಿ ಒಂದು ಸಮಾಧಾನವೂ ಇತ್ತು.

ಹೊರೇಸ್ ಹತ್ತಿರ ಬರಲಿಲ್ಲ. ಗೆಳೆಯನ ಹೆಂಡತಿ ನೆಲಕ್ಕೆ ಬಿದ್ದು ಅಳುತ್ತಿದ್ದರೆ ನಾಯಿಯಾದರೂ ಹತ್ತಿರ ಬರುತ್ತದೆ.

ತಿರ್ಜಾ ಮೂಗೊರೆಸಿಕೊಂಡು ಎದ್ದು ಕೂತಳು.

“ಪ್ಲಾಟ್‌ಫಾರ್ಮಲ್ಲಿ ಉಂಗುರ ತಿರುಗಿಸ್ತಾ ಇದ್ದ ಅಂದ್ಯಲ್ಲ, ಹೊರೇಸ್.”

ಅವಳು ಅಂಗೈಯ ಉಂಗುರವನ್ನು ಅವನ ಕಡೆಗೆ ಚಾಚಿದಳು.

“ಯಾವ ಉಂಗುರ? ಇದಾ?”

“ಎಷ್ಟೋ ವರ್ಷದ ಮಾತು. ನಂಗೆ ನೆನಪು...”

“ನಂಗಿದೆ. ನೀನು ಹೇಳಿದ ಒಂದೊಂದು ಮಾತೂ ನೆನಪಿದೆ. ರಾತ್ರಿಯೆಲ್ಲ ಅದನ್ನೇ ಮೆಲುಕು ಹಾಕಿ ಬದುಕಿದ್ದೀನಿ.” ಅವಳು ಕಸದ ಚೀಲವನ್ನು ಬೋರಲು ಹಾಕಿದಳು. ವಾಷರುಗಳು ಗಲಗಲ ಸುರಿದವು. ಒಂದನ್ನು ಎತ್ತಿ, ತನ್ನ ಯಂತ್ರದ ಮೊಣಕೈ ಪಟ್ಟಿಯ ಸ್ಕ್ರೂ ಪಕ್ಕ ಹಿಡಿದಳು. ಸ್ಕ್ರೂ ಕೆಳಗೂ ಒಂದು ಹಿತ್ತಾಳೆ ವಾಷರ್. ಅದೇ ಅಳತೆ, ಅದೇ ತೂತು. “ಈ ಪಟ್ಟಿ ಅಲ್ಲಾಡ್ತಾ ಇತ್ತು. ನೀನೇ ನಿನ್ನ ಹೊಗೆಸೊಪ್ಪಿನ ಡಬ್ಬಿಯಿಂದ ಒಂದು ವಾಷರ್ ತೆಗೆದು ಬಿಗಿ ಮಾಡಿಕೊಟ್ಟೆ. ಪ್ಲಂಬರ್ ಕೆಲಸದಲ್ಲಿ ಉಳಿದದ್ದು, ಮನೇಲಿ ಮೂಟೆಗಟ್ಟಲೆ ಇದೆ ಅಂದೆ.”

“ಅಂಥಾ ವಾಷರು ದೇಶದ ತುಂಬಾ ಸಿಗುತ್ತೆ.”

“ಸಿಗುತ್ತೆ. ಆದ್ರೆ ಡಿಟೆಕ್ಟರ್ ಹಿಡಿಯೋರನ್ನ ಒಂದು ಜಾಗದಿಂದ ಓಡಿಸೋಕೆ ಕಸ ಬಿತ್ತಬೇಕು ಅಂತ ಯಾರಿಗೆ ಹೊಳೆಯುತ್ತೆ? ಎಲ್ಲೆಲ್ಲೂ ಕುಂಯ್ ಅಂದ್ರೆ ಹಳಬರು ಬೇಜಾರಾಗಿ ಹೋಗಿಬಿಡ್ತಾರೆ ಅಂತ ಇನ್ನೊಬ್ಬ ಹಳಬನಿಗೆ ತಾನೇ ಗೊತ್ತು?”

ಕಾಗೆಗಳು ಓಕ್ ಮರದಿಂದೆದ್ದು ಒಂದು ಸುತ್ತು ಹಾಕಿ ಮತ್ತೆ ಕೂತವು. ಹೊರೇಸ್ ಸನಿಕೆಯ ಹಿಡಿಯ ಮೇಲೆ ಎರಡೂ ಕೈ ಇಟ್ಟು, ಅದರ ಮೇಲೆ ಗದ್ದ ಊರಿದ. ಒಮ್ಮೆಗೇ ತುಂಬ ಮುದುಕನಂತೆ ಕಂಡ.

“ಬೆಳ್ಳಿ ನಾಣ್ಯ ಇತ್ತು,” ಅಂದ. “ಒಂದು ಕುಡಿಕೆ ತುಂಬಾ. ಈ ಬುಡದಲ್ಲೇ. ಮುದುಕ ಸಂತೆಗೆ ಹೋಗಿದ್ದಾಗ ಕದ್ದು ಬಂದಿದ್ವಿ. ಜನ್ಮದಲ್ಲಿ ಒಂದ್ಸಲ ಕಾಣೋ ಅಂಥದ್ದು, ತಿರ್ಜಾ. ನಿನ್ನ ಗಂಡ ಏನಂದ ಗೊತ್ತಾ? ಸರ್ಕಾರಕ್ಕೆ ತಿಳಿಸಬೇಕು, ಹೊಲದವನಿಗೆ ಅರ್ಧ ಹೋಗಬೇಕು, ಕದ್ದು ಬಂದಿದ್ದಕ್ಕೆ ತಪ್ಪೊಪ್ಪಿಕೊಳ್ತೀನಿ ಅಂದ. ನಾನು ಬೇಡ ಅಂದೆ. ಜಗಳ ಆಯ್ತು. ಅವನನ್ನ ಇಲ್ಲೇ ಬಿಟ್ಟು ನಾನು ಮನೆಗೆ ಹೋದೆ. ಅಷ್ಟೇ, ದೇವರಾಣೆ.”

“ಆಮೇಲೆ?”

“ಬೆಳಿಗ್ಗೆ ಬಂದು ನೋಡಿದ್ರೆ ಕ್ಲೆಮ್ ಇಲ್ಲ, ಕುಡಿಕೆ ಇಲ್ಲ. ಗುಂಡಿ ಮುಚ್ಚಿತ್ತು. ಎತ್ಕೊಂಡು ಓಡಿದಾನೆ ಅಂದ್ಕೊಂಡೆ. ಮಣ್ಣಲ್ಲಿ ಇನ್ನೂ ನಾಣ್ಯ ಚೆದುರಿರಬಹುದು, ಪೊಲೀಸರು ಬಂದು ಅಗೆದ್ರೆ ಎಲ್ಲಾ ಹೋಗುತ್ತೆ ಅಂತ... ರೈಲಿನ ಮಾತು ಹೇಳ್ದೆ. ಬೇರೆಯವರು ಬರದೇ ಇರಲಿ ಅಂತ ವಾಷರ್ ಎರಚಿದೆ.”

“ಸೈಕಲ್?”

“ಬೇಲಿ ಪಕ್ಕ ಬಿದ್ದಿತ್ತು. ನಿಲ್ದಾಣಕ್ಕೆ ತಳ್ಕೊಂಡು ಹೋಗಿ ಇಟ್ಟೆ.”

ತಿರ್ಜಾ ಅವನನ್ನೇ ನೋಡಿದಳು. ಎಷ್ಟು ಭಾನುವಾರ ಈ ಮನುಷ್ಯ ಅವಳ ಮೇಜಿನಲ್ಲಿ ಕೂತು ಹುರಿದ ಆಲೂಗಡ್ಡೆ ತಿಂದಿದ್ದಾನೆ! ಎಷ್ಟು ಸಲ ಅವಳ ಭುಜ ತಟ್ಟಿ, ಮರೆತುಬಿಡಮ್ಮ ಅವನನ್ನ ಅಂದಿದ್ದಾನೆ!

“ಓಡಿ ಹೋಗೋನು ಸೈಕಲ್ ಬಿಟ್ಟು ಓಡ್ತಾನಾ, ಹೊರೇಸ್? ಬೇಲಿ ಪಕ್ಕ ಸೈಕಲ್ ಕಂಡಾಗಲೇ ನಿಂಗೆ ಗೊತ್ತಾಗಿತ್ತು ಅವನು ಎಲ್ಲೂ ಹೋಗಿಲ್ಲ ಅಂತ. ಅವತ್ತು ಬೆಳಿಗ್ಗೆ ನೀನು ನಿಜ ಹೇಳಿದ್ದಿದ್ರೆ ಊರೇ ಬಂದು ಹುಡುಕ್ತಿತ್ತು. ಎಲ್ಲೋ ಹಳ್ಳದಲ್ಲಿ ಕಾಲು ಮುರ್ಕೊಂಡು ಬಿದ್ದಿದ್ನೋ ಏನೋ. ಜೀವ ಇತ್ತೋ ಏನೋ!”

“ಅಳಬೇಡ ತಿರ್ಜಾ...”

“ನನ್ನ ಹೆಸರು ಹಿಡಿದೂ ಕರೀಬೇಡ. ನೀನು ನನ್ನ ಗಂಡನನ್ನ ಎರಡು ಸಲ ಕೊಂದೆ. ಊರ ಕಣ್ಣಲ್ಲಿ ಒಂದು ಸಲ, ನನ್ನ ಎದೇಲಿ ಒಂದು ಸಲ.”

ಅವಳ ಎಡಗೈ ಮುಷ್ಟಿಯಲ್ಲಿ ಕ್ಲೆಮ್‌ನ ಉಂಗುರವಿತ್ತು. ಅದನ್ನು ತನ್ನದರ ಪಕ್ಕದಲ್ಲಿ ಇಡಬೇಕು ಅನ್ನಿಸಿತು ಅವಳಿಗೆ, ಅಷ್ಟೇ, ಬೇರೆ ಯೋಚನೆ ಇರಲಿಲ್ಲ. ಬೆರಳಿಗೆ ಉಗುಳು ಹಚ್ಚಿ, ಗಂಟು ದಾಟಿಸಿ, ಎಂದೂ ತೆಗೆಯದ ತನ್ನ ಉಂಗುರವನ್ನು ಎಳೆದಳು. ಚರ್ಮ ಕಿತ್ತು ಬಂತು. ಎರಡನ್ನೂ ಅಂಗೈಯಲ್ಲಿಟ್ಟಳು.

ಇಟ್ಟವಳು ಎದ್ದು ನಿಂತು ಬೆಳಕಿಗೆ ಹಿಡಿದಳು.

ಒಬ್ಬನೇ ಅಕ್ಕಸಾಲಿಗ, ಒಂದೇ ದಿನ, ಒಂದೇ ದಪ್ಪಕ್ಕೆ ಮಾಡಿಕೊಟ್ಟ ಜೋಡಿ ಅದು. ಪಾತ್ರೆ ಉಜ್ಜಿ, ಬಟ್ಟೆ ಒಗೆದು, ಆಲೂಗಡ್ಡೆ ಕೆತ್ತಿ ಅವಳ ಉಂಗುರ ಸವೆದು ತೆಳ್ಳಗಾಗಿತ್ತು. ಇಷ್ಟು ವರ್ಷ ಮಣ್ಣಲ್ಲಿ ಮಲಗಿದ್ದು ದಪ್ಪವಾಗಿಯೇ ಇರಬೇಕಿತ್ತಲ್ಲ! ಅದೂ ಇದರಷ್ಟೇ ಸವೆದಿತ್ತು. ವರ್ಷಕ್ಕೊಮ್ಮೆ ನೇಗಿಲು ಉರುಳಿಸುವ ಹೊಲದಲ್ಲಿ ಬಿದ್ದ ಉಂಗುರ ಸೊಟ್ಟಗಾಗುತ್ತದೆ, ಗೀರು ಬೀಳುತ್ತದೆ. ಇದು ನೆಟ್ಟಗೆ ಗುಂಡಗಿತ್ತು. ಒಳಗಿನ ಅಕ್ಷರಗಳ ಸಂದಿಯಲ್ಲಿ ಮಣ್ಣೂ ಇರಲಿಲ್ಲ.

“ಕೊಡಿಲ್ಲಿ,” ಹೊರೇಸ್ ಕ್ಲೆಮ್‌ನ ಉಂಗುರವನ್ನು ಎತ್ತಿಕೊಂಡು, ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಹಿಡಿದ. ಅವನ ಮುಖ ಅರಳಿತು. ಆ ಅರಳಿದ ಮುಖವನ್ನು ತಿರ್ಜಾ ಸಾಯುವತನಕ ಮರೆಯಲಾರಳು. “ಮಣ್ಣಲ್ಲಿದ್ದದ್ದಲ್ಲ ಇದು! ನಿನ್ನೆ ಮೊನ್ನೆವರೆಗೂ ಯಾರೋ ಹಾಕ್ಕೊಂಡಿದ್ದು! ಅವನು ಸತ್ತಿಲ್ಲ ತಿರ್ಜಾ, ಬದುಕಿದಾನೆ! ನಾನು ಹೇಳಿದ್ದೇ ನಿಜ ಆಯ್ತು. ಬಿಟ್ಟೇ ಹೋಗಿದ್ದ ಅವನು!”

ತಿರ್ಜಾ ಓಕ್ ಮರಕ್ಕೆ ಒರಗಿಕೊಂಡಳು. ಸ್ವಲ್ಪ ಹೊತ್ತಿನ ಮುಂಚೆ ಅವಳು ವಿಧವೆಯಾಗಿದ್ದಳು. ಅದೆಂಥ ನೆಮ್ಮದಿಯಾಗಿತ್ತು! ಆ ಪದವಿಯೂ ಉಳಿಯಲಿಲ್ಲವೇ? ಎಲ್ಲೋ ಕ್ಲೆಮ್ ಬೆಚ್ಚಗೆ ಕೂತಿದ್ದಾನೆ, ಅವಳ ಹೆಸರಿನ ಉಂಗುರ ಹಾಕಿಕೊಂಡು ಇನ್ನೊಬ್ಬಳ ಸೂಪು ಕುಡಿಯುತ್ತಿದ್ದಾನೆ. ಇಷ್ಟು ವರ್ಷದ ಮೇಲೆ ಬಂದು ಉಂಗುರ ಬಿಸಾಕಿ ಹೋದನೇ? ಬಾಗಿಲು ತಟ್ಟಲಿಲ್ಲವೇ?

ಗೇಟು ಕಿರ್ರೆಂದಿತು.

ಆನರ್ ಗ್ಯಾದರ್ಕೋಲ್ ಫ್ಲಾಸ್ಕ್ ಹಿಡಿದು ಬರುತ್ತಿದ್ದಳು. ತಂದೆಯ ಹಳೇ ಕೋಟು, ಕೈಗೆ ಉಣ್ಣೆ ಕವಚ. ಹೊರೇಸ್‌ನನ್ನು ಕಂಡು ಅವಳ ನಡಿಗೆ ಒಂದು ಗಳಿಗೆ ನಿಂತಿತು. ಮತ್ತೆ ಮುಂದುವರಿಯಿತು.

“ಟೀ ತಂದೆ, ಮಿಸೆಸ್ ಲಬಕ್. ಚಳಿ ಇದೆ.”

ಮುಚ್ಚಳ ತಿರುಗಿಸಲು ಬಲಗೈಯ ಕವಚ ಕಳಚಿದಳು. ಕಂದು ಕೈ, ಹೆಬ್ಬೆರಳ ಸುತ್ತ ಬಿಳಿ ಗೆರೆ. ಬಿಸಿಲನ್ನೇ ಕಾಣದ ಚರ್ಮ. ಒಬ್ಬ ಗಂಡಸಿನ ಉಂಗುರದಷ್ಟು ಅಗಲ.

ಟೀ ಲೋಟ ತಿರ್ಜಾ ತೆಗೆದುಕೊಳ್ಳಲಿಲ್ಲ. ಆ ಕೈಯನ್ನೇ ಹಿಡಿದುಕೊಂಡಳು.

“ನೀನು ಹಾಕ್ಕೊಂಡಿದ್ಯಾ ಮಗಳೇ?”

ಲೋಟ ಜಾರಿತು. ಟೀ ಕೂಳೆಯ ಮೇಲೆ ಹಬೆಯಾಡಿತು. ಆನರ್ ಕೈ ಬಿಡಿಸಿಕೊಳ್ಳಲಿಲ್ಲ. ಗಟ್ಟಿ ಹೆಂಗಸು, ಮಗುವಿನ ಹಾಗೆ ತುಟಿ ಅದುರಿಸಿದಳು.

“ಬೆಳ್ಳಿ ಕುಡಿಕೆ ಕೈತಪ್ಪುತ್ತೆ ಅಂತ ಅಪ್ಪ ಹೆದರಿದ್ರು. ಅವರು ಇರೋವರೆಗೂ ಬಾಯಿ ಬಿಡಲ್ಲ ಅಂತ ನನ್ನಿಂದ ಬೈಬಲ್ ಮುಟ್ಟಿಸಿದ್ರು. ಕೈಗೆ ಕೊಡೋಕೆ ಧೈರ್ಯ ಬರ್ಲಿಲ್ಲ, ಮಿಸೆಸ್ ಲಬಕ್. ನೀವು ಸಿಕ್ಕಿದ್ದನ್ನೆಲ್ಲ ಅಗೀತೀರ ಅಂತ ಊರೆಲ್ಲ ನಗ್ತಾರಲ್ಲ, ಅದಕ್ಕೇ ಇಲ್ಲಿಟ್ಟೆ. ಕಳೆದುಹೋಗದೇ ಇರಲಿ ಅಂತ ಹೆಬ್ಬೆರಳಿಗೆ ಹಾಕ್ಕೊಂಡಿದ್ದೆ. ಅಷ್ಟೇ. ಬೇರೆ ಏನೂ ಅಂದ್ಕೋಬೇಡಿ.”

“ಬಿಟ್ಟು ಹೋದ್ನಾ ನನ್ನನ್ನ? ಅದೊಂದು ಹೇಳು. ಬೇರೇದೆಲ್ಲ ಆಮೇಲೆ.”

“ಇಲ್ಲ,” ಅಂದಳು ಆನರ್. “ಬಿಟ್ಟು ಹೋಗ್ಲಿಲ್ಲ. ಕೊನೇ ಉಸಿರಿನವರೆಗೂ ಸೂಪು ಆರಿಹೋಗುತ್ತೆ, ಸೂಪು ಆರಿಹೋಗುತ್ತೆ ಅಂತಿದ್ರು. ಯಾವ ಸೂಪು ಅಂತ ನಂಗೆ ಆಗ ಅರ್ಥ ಆಗ್ಲಿಲ್ಲ.”

ತಿರ್ಜಾ ಬಾಯಿಗೆ ಕೈ ಒತ್ತಿ ಹಿಡಿದಳು.

“ಎಲ್ಲಿದ್ದಾನೆ?”

“ತೋರಿಸ್ತೀನಿ, ಬನ್ನಿ.” ಆನರ್ ಅವಳ ತೋಳಿಗೆ ತೋಳು ಕೊಟ್ಟಳು. ಆಮೇಲೆ ದನಿ ತಗ್ಗಿಸಿ, ಹೊರೇಸ್ ಕಡೆಗೆ ನೋಡದೆಯೇ ಹೇಳಿದಳು. “ನಾವಿಬ್ಬರೇ ಹೋಗೋಣ. ಅವರನ್ನ ಹತ್ರ ಬಿಡಬೇಡ ಅಂತ ಕ್ಲೆಮ್ ಬೇಡ್ಕೊಂಡಿದ್ರು. ಅವತ್ತು ರಾತ್ರಿ ಅಪ್ಪ ನಾನು ಇಲ್ಲಿಂದ ಮನೆಗೆ ಹೊತ್ಕೊಂಡು ಹೋದಾಗ ತಲೆ ಒಡೆದಿತ್ತು, ಮಾತು ಸರಿಯಾಗಿ ಹೊರಡ್ತಿರ್ಲಿಲ್ಲ. ಆದ್ರೂ ಸನಿಕೆ ಯಾರ ಕೈಲಿತ್ತು ಅಂತ ಸ್ಪಷ್ಟವಾಗಿ ಹೇಳಿದ್ರು.”

ತಿರ್ಜಾ ತಿರುಗಿ ನೋಡಿದಳು.

ಹೊರೇಸ್ ಮರದ ಬುಡದಲ್ಲೇ ನಿಂತಿದ್ದ. ಊರಿಕೊಂಡಿದ್ದ ಸನಿಕೆ ಈಗ ನೆಲದಿಂದ ಮೇಲೆದ್ದಿತ್ತು. ಕ್ಲೆಮ್‌ನ ಉಂಗುರ ಇನ್ನೂ ಅವನ ಇನ್ನೊಂದು ಕೈಯಲ್ಲೇ ಇತ್ತು, ಆ ಕೈ ಮುಷ್ಟಿ ಕಟ್ಟಿತ್ತು.